ಎಷ್ಟು ತಣಿಸಿದರೂ ಹೆಪ್ಪುಗಟ್ಟದ ಹೀಲಿಯಂ

ಅಫಜಲಪುರ ತಾಲ್ಲೂಕಿನ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕಾಯುವುದು ಉಗಿಯಿಂದ. ಉಗಿಯು ತನ್ನ ಶಾಖವನ್ನು ಕೊಟ್ಟು ತಾನು ನೀರಾಗುತ್ತದೆ. ಆ ನೀರನ್ನು ಇನ್ನಷ್ಟು ತಣಿಸಿದರೆ ಮಂಜುಗಡ್ಡೆಯಾಗುತ್ತದೆ. ಅನಿಲ, ದ್ರವ, ಘನ: ಎಲ್ಲ ಅನಿಲಗಳ ಹಾದಿಯೂ ಇದೇ ಏನು?

ಶಾಲೆಯಲ್ಲಿ ಕಲಿಯುವ ಆದರ್ಶ ಅನಿಲ ಸಮೀಕರಣವನ್ನೇ ನಂಬಿದರೆ ಉಗಿ ನೀರಾಗುವುದೇ ಇಲ್ಲ! ಅದರ ಪ್ರಕಾರ ಅಣುಗಳಿಗೆ ಗಾತ್ರವಿಲ್ಲ, ಪರಸ್ಪರ ಆಕರ್ಷಣೆಯೂ ಇಲ್ಲ. ಹಾಲೆಂಡಿನ ವಾನ್ ಡರ್ ವಾಲ್ಸ್ 1873ರಲ್ಲಿ ಈ ಎರಡನ್ನೂ ಲೆಕ್ಕಕ್ಕೆ ಸೇರಿಸಿದರು. ತಣಿದ ಅಣುಗಳ ವೇಗ ಕುಗ್ಗುತ್ತದೆ, ಆಕರ್ಷಣೆ ಮೇಲುಗೈ ಪಡೆಯುತ್ತದೆ, ಅನಿಲ ದ್ರವವಾಗುತ್ತದೆ. ಆದರೆ ಒಂದು ಅನಿಲಕ್ಕೆ ಈ ಎರಡು ತಿದ್ದುಪಡಿಗಳೂ ಸಾಲಲಿಲ್ಲ. ಅದೇ ಹೀಲಿಯಂ.

ಹೀಲಿಯಂನ ಕಥೆಗೆ ನಮ್ಮ ನಾಡಿನ ನಂಟೂ ಇದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಿಂದ ವೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದೆಂದು ಭಾವಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಅದು ಸೋಡಿಯಂನದಲ್ಲವೆಂದು ಅಳೆದು ತೋರಿಸಿದರು. ಗ್ರೀಕರ ಸೂರ್ಯನ ಹೆಸರಿನಿಂದ ಹೊಸ ಧಾತುವಿಗೆ ‘ಹೀಲಿಯಂ’ ಎಂಬ ಹೆಸರು ಬಂತು. 1895ರಲ್ಲಿ ವಿಲಿಯಂ ರಾಮ್ಸೆ ಅದನ್ನು ಭೂಮಿಯ ಖನಿಜದಲ್ಲೇ ಪಡೆದರು.

1908ರ ಜುಲೈ 10ರಂದು ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ಸ್ ಹೀಲಿಯಂ ಅನ್ನು ದ್ರವವಾಗಿಸಿದರು. ಅದು ಕುದಿಯುವುದು 4.2 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇನ್ನೂ ತಣಿಸಿದರೂ ಹೆಪ್ಪುಗಟ್ಟಲಿಲ್ಲ. ಕೊನೆಗೆ 1926ರಲ್ಲಿ ಕೀಸಮ್ ಅದನ್ನು ಘನವಾಗಿಸಿದ್ದು ತಣಿಸುವುದರ ಜೊತೆಗೆ ಬಲವಾಗಿ ಒತ್ತಿ. ಅದಕ್ಕೆ ವಾಯುಮಂಡಲದ ಒತ್ತಡದ ಸುಮಾರು 25 ಪಟ್ಟು ಬೇಕು.

ಕಾರಣವೇನು? ಕ್ವಾಂಟಂ ಸಿದ್ಧಾಂತದ ಪ್ರಕಾರ ಪ್ರತಿ ಕಣಕ್ಕೂ ಅಲೆಯ ಗುಣವಿದೆ. ಕೋಣೆಯ ಉಷ್ಣತೆಯಲ್ಲಿ ಹೀಲಿಯಂ ಪರಮಾಣುವಿನ ಈ ಅಲೆಯ ಉದ್ದ ಪರಮಾಣುವಿನ ಗಾತ್ರಕ್ಕಿಂತ ಬಹಳ ಚಿಕ್ಕದು. 4 ಕೆಲ್ವಿನ್‌ನಲ್ಲಿ ಅದು ಪರಮಾಣುಗಳ ನಡುವಿನ ಅಂತರದಷ್ಟೇ ಬೆಳೆಯುತ್ತದೆ. ಇಂಥ ಕಣವನ್ನು ಒಂದು ಜಾಗದಲ್ಲಿ ಕಟ್ಟಿಹಾಕಲು ಹೋದರೆ ಅದರ ಚಡಪಡಿಕೆ ಹೆಚ್ಚುತ್ತದೆ. ಪರಮಾಣು ಹಗುರವಾದಷ್ಟೂ ಚಡಪಡಿಕೆ ಜಾಸ್ತಿ. ಹೀಲಿಯಂ ಹಗುರ, ಅದರ ಆಕರ್ಷಣೆಯೂ ಬಲು ದುರ್ಬಲ. ಹಾಗಾಗಿ ಪರಮಾಣುಗಳು ಸಾಲಾಗಿ ಜೋಡಿಕೊಂಡು ನಿಲ್ಲಲಾರವು.

ಇದಕ್ಕೆ ಸೊಗಸಾದ ಪುರಾವೆಯಿದೆ. ಹೀಲಿಯಂ-3 ಮತ್ತು ಹೀಲಿಯಂ-4 ಐಸೋಟೋಪುಗಳು. ಎರಡರ ಗಾತ್ರವೂ ಆಕರ್ಷಣೆಯೂ ಹೆಚ್ಚುಕಡಿಮೆ ಒಂದೇ. ವಾನ್ ಡರ್ ವಾಲ್ಸ್ ಲೆಕ್ಕದಂತೆ ಎರಡೂ ಒಂದೇ ಉಷ್ಣತೆಯಲ್ಲಿ ಕುದಿಯಬೇಕಿತ್ತು. ಆದರೆ ಹಗುರವಾದ ಹೀಲಿಯಂ-3 ಕುದಿಯುವುದು 3.2 ಕೆಲ್ವಿನ್‌ನಲ್ಲೇ!

‘ಶೂನ್ಯ ಕೆಲ್ವಿನ್‌ನಲ್ಲಿ ಎಲ್ಲ ಚಲನೆಯೂ ನಿಲ್ಲುತ್ತದೆ’ ಎಂದು ಬಾಯಿಪಾಠ ಮಾಡುವ ಮಕ್ಕಳು ಇದನ್ನು ನೆನಪಿಡಬೇಕು. ಅಲ್ಲಿ ತೆಗೆಯಬಹುದಾದ ಶಾಖವೆಲ್ಲ ಮುಗಿದಿರುತ್ತದೆ, ನಿಜ. ಆದರೆ ಚಲನೆ ಪೂರ್ತಿ ನಿಲ್ಲುವುದಿಲ್ಲ. ಮನೆಯಲ್ಲಿ ಮಗು ‘ಯಾಕೆ?’ ಎಂದು ಕೇಳಿದರೆ ತಂದೆತಾಯಿ ಗದರದಿರಲಿ. ಹೀಲಿಯಂ ಯಾಕೆ ಹೆಪ್ಪುಗಟ್ಟಲಿಲ್ಲ ಎಂಬ ಪ್ರಶ್ನೆಗೆ ಸೂತ್ರದಲ್ಲಿ ಉತ್ತರ ಇರಲಿಲ್ಲ.