ನೋವು ಹೋಯ್ತು, ಬಲ ಬಂತೇ?

ಗಣೇಶಗುಡಿ: ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ನದಿಯಲ್ಲಿ ರಾಫ್ಟ್ ನಡೆಸುವ ಹುಡುಗರಿಗೆ ಭುಜವೇ ಬಂಡವಾಳ. ಅದು ಕೀಲು ತಪ್ಪಿದರೆ ಡಾಕ್ಟರು ಕೂರಿಸಿ, ಪಟ್ಟಿ ಕಟ್ಟಿ, ಬಿಚ್ಚಿ ಕಳಿಸುತ್ತಾರೆ. ಮುಂದೆ? “ನೋವಿಲ್ಲಲ್ಲ, ಎತ್ತೋ ಮಾರಾಯಾ!” ಎಂದು ಜಿಮ್ ಮಾಸ್ತರ ಹುರಿದುಂಬಿಸಿದರೆ ಕೆಟ್ಟಿತು. ನೋವು ಬೇಗ ಹೋಗುತ್ತದೆ, ಬಲ ನಿಧಾನ ಬರುತ್ತದೆ. ಹರೆಯದಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವುದೇ ಹೆಚ್ಚು.

ಹಗುರ ಭಾರದಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕು. ಬಾವು, ಜೋಮು, ರಾತ್ರಿ ನೋವು ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಬೇಕು. ಇದನ್ನು ಜಿಮ್ ಮಾಸ್ತರರಿಗೆ, ಹಳಿಯಾಳದ ಕುಸ್ತಿ ವಸ್ತಾದರಿಗೆ ಕಲಿಸುವವರ್ಯಾರು? ಕೋಚ್‌ಗಳನ್ನು ತಯಾರಿಸಲು ಪಟಿಯಾಲದಲ್ಲಿ 1961ರಲ್ಲೇ ಸಂಸ್ಥೆ ಹುಟ್ಟಿತು. ಎಲ್ಲರೂ ಅಲ್ಲಿಗೆ ಹೋಗಲಾದೀತೇ? ಫಿಜಿಯೋಥೆರಪಿಸ್ಟರನ್ನೇ ಇಲ್ಲಿಗೆ ಕರೆಸಿ, ಶುರುವಿಗೆ ನಾಲ್ಕು ದಿನವಾದರೂ ಪಾಠ ಹೇಳಿಸಲಿ. ಸಾಹಸ ಕ್ರೀಡೆಯಿಂದ ಊರಿಗೆ ಹೆಸರು ಬೇಕೆನ್ನುವವರು ಸಾಹಸಿಗಳ ಭುಜವನ್ನೂ ಒಮ್ಮೆ ನೋಡಲಿ!