ಆಟ ತಪ್ಪಿದಾಗ ಬರುವ ಸಿಟ್ಟು

ಕಳೆದ ಶ್ರಾವಣದಲ್ಲಿ ಹಲಕುಂದಿಯಲ್ಲಿ ಪ್ರವಚನ ಮುಗಿಸಿ ಹೊರಟಾಗ ತಾಯಿಯೊಬ್ಬರು ಬಂದು ನಿಂತರು. “ಶಾಸ್ತ್ರಿಗಳೇ, ನನ್ನ ಮಗ ರಾತ್ರಿಯೆಲ್ಲ ಮೊಬೈಲಿನಾಗ ಬಂದೂಕಿನ ಆಟ ಆಡ್ತಾನ. ನಿನ್ನೆ ಕಸಗೊಂಡದ್ದಕ್ಕ ಊಟದ ತಾಟು ಎತ್ತಿ ಒಗೆದ. ನಾಳೆ ಯಾರನ್ನರ ಹೊಡೆದ್ರ ಏನ್ ಮಾಡ್ಲಿ?” ಎಂದು ಕಣ್ಣೀರಿಟ್ಟರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಓದಿ, ಬಲ್ಲವರನ್ನು ಕೇಳಿ ಈಗ ಬರೆಯುತ್ತಿದ್ದೇನೆ. ಈ ಚಿಂತೆ ಆ ಒಂದು ಮನೆಯದಷ್ಟೇ ಅಲ್ಲ.

2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಸಮೀಪದ ಕಾಕತಿಯಲ್ಲಿ 21 ವರ್ಷದ ಯುವಕನೊಬ್ಬ ಹೆತ್ತ ತಂದೆಯನ್ನೇ ಕೊಂದ ಸುದ್ದಿ ನಾಡನ್ನು ನಡುಗಿಸಿತು. ಪಬ್‌ಜಿ ಆಟಕ್ಕೆ ತಂದೆ ಅಡ್ಡಿಪಡಿಸಿದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಮರುವರ್ಷ ಕೇಂದ್ರ ಸರ್ಕಾರ ಆ ಆಟವನ್ನು ನಿಷೇಧಿಸಿತಾದರೂ ಅದಕ್ಕೆ ಕೊಟ್ಟ ಕಾರಣ ಹಿಂಸೆಯಲ್ಲ, ದೇಶದ ಭದ್ರತೆ. 2021ರಲ್ಲಿ ಆಟ ಬೇರೊಂದು ಹೆಸರಿನಿಂದ ಮರಳಿ ಬಂದಿತು. ಆದ್ದರಿಂದ ನಿಷೇಧವನ್ನೇ ನಂಬಿ ಕೂಡುವಂತಿಲ್ಲ.

ಹಾಗಾದರೆ ಪರದೆಯ ಮೇಲೆ ಗುಂಡು ಹಾರಿಸುವವನು ಬದುಕಿನಲ್ಲಿಯೂ ಹಿಂಸೆಗಿಳಿಯುವನೇ? ಈ ವಿಷಯದಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಇಂಥ ಆಟಗಳಿಗೂ ಕೂಗಾಟ, ತಳ್ಳಾಟಗಳಿಗೂ ಅಲ್ಪ ಸಂಬಂಧವುಂಟೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2020ರಲ್ಲಿ ಹೇಳಿತು. ಆದರೆ ಘೋರ ಹಿಂಸೆಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ ಎಚ್ಚರಿಸಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 14-15 ವರ್ಷದ ಸುಮಾರು 1,000 ಬ್ರಿಟಿಷ್ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಅಲ್ಪ ಸಂಬಂಧವೂ ಕಂಡುಬರಲಿಲ್ಲ.

ಕಾಕತಿಯ ಸುದ್ದಿಯನ್ನು ಈಗ ಮತ್ತೊಮ್ಮೆ ಅವಲೋಕಿಸೋಣ. ಅಲ್ಲಿ ಸಿಟ್ಟು ಸಿಡಿದುದು ಆಟಕ್ಕೆ ತಡೆ ಬಂದಾಗ. ಹಲಕುಂದಿಯಲ್ಲಿ ತಾಟು ಹಾರಿದುದೂ ಆಗಲೇ. ನಾವು ಪರದೆಯ ಮೇಲಿನ ರಕ್ತಕ್ಕೆ ಅಂಜುತ್ತೇವೆ. ಬಿಟ್ಟಿರಲಾಗದ ಚಟವನ್ನು ಗಮನಿಸುವುದಿಲ್ಲ. ಚಟ ಹತ್ತಿದವರೆಲ್ಲರೂ ಕೈಯೆತ್ತುವರೆಂದು ಇದರ ಅರ್ಥವಲ್ಲ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಊಟ, ಓದು, ನಿದ್ರೆಗಳೆಲ್ಲ ಹಿಂದೆ ಬಿದ್ದು, ಹಾನಿ ಕಂಡರೂ ಬಿಡಲಾಗದಿದ್ದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು.

ಪಾಲಕರು ಮಾಡಬೇಕಾದುದೇನು? ಆಟದ ನಡುವೆ ಮೊಬೈಲು ಕಸಿಯಬೇಡಿ. ಎಷ್ಟು ಹೊತ್ತು ಎಂಬುದನ್ನು ಮೊದಲೇ ಮಗನೊಡನೆ ಕುಳಿತು ಗೊತ್ತುಮಾಡಿ, ಆಮೇಲೆ ಆ ಮಾತಿಗೆ ಬದ್ಧರಾಗಿರಿ. ರಾತ್ರಿ ಎಲ್ಲರ ಮೊಬೈಲುಗಳೂ ಪಡಸಾಲೆಯಲ್ಲಿಯೇ ಇರಲಿ, ತಂದೆಯದೂ ಸೇರಿ. ಉಣ್ಣುವಾಗ ತಾನು ಮೊಬೈಲು ನೋಡುತ್ತ ಮಗನನ್ನು ಗದರಿಸುವ ತಂದೆಯ ಮಾತಿಗೆ ತೂಕವಿರದು. ಮಗ ಕೈಯೆತ್ತುವ ಹಂತ ತಲುಪಿದರೆ ತಾಯತ ಕಟ್ಟಿಸುತ್ತ ಕಾಲ ಕಳೆಯದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಇದರಲ್ಲಿ ಮನೆತನದ ಮರ್ಯಾದೆಗೆ ಕುಂದೇನೂ ಇಲ್ಲ.

ಹಲಕುಂದಿಯ ಆ ತಾಯಿಗೆ ಹೇಳುವುದಿಷ್ಟು: ತಾಯೀ, ನಿಮ್ಮ ಮಗ ಕೊಲೆಗಾರನಾಗುವನೆಂದು ಹೆದರಬೇಡಿ. ಅವನಿಗೆ ನಿದ್ರೆಯಿಲ್ಲ; ಮನೆಯಲ್ಲಿ ಅವನೊಡನೆ ಮಾತೂ ಕಡಿಮೆಯಾಗಿರಬಹುದು. ಈ ರಾತ್ರಿ ಅವನ ಪಕ್ಕದಲ್ಲಿ ಕುಳಿತು, ಆ ಆಟದಲ್ಲಿ ಅವನಿಗೆ ಏನು ಸೊಗಸು ಕಾಣುತ್ತದೆಂದು ಕೇಳಿ ನೋಡಿ.