ನ್ಯಾಯಾಲಯದ ದಿನಗಣನೆಯೂ ನಮ್ಮ ವರ್ತಕರೂ

ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕವನ್ನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲ ವರ್ತಕರು ನಮ್ಮಲ್ಲಿ ಅನೇಕರಿದ್ದಾರೆ. ತಮಗೆ ಬರಬೇಕಾದ ಬಾಕಿಯನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವುದಕ್ಕೂ ಕೊನೆಯ ದಿನಾಂಕಗಳಿವೆ ಎಂಬುದನ್ನು ಬಲ್ಲವರು ಮಾತ್ರ ವಿರಳ.

ಕೆಲವು ವರ್ಷಗಳ ಹಿಂದೆ ದಿನಸಿ ಸಗಟು ವ್ಯಾಪಾರಿಯೊಬ್ಬರು ಅಮಾನ್ಯಗೊಂಡ ಚೆಕ್ಕೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಬ್ಯಾಂಕಿನ ಮೆಮೊ ಕೈಸೇರಿ ಐವತ್ತು ದಿನಗಳಾಗಿದ್ದವು. ‘ದೀಪಾವಳಿ ಕಳೆಯಲಿ ಸಾಹುಕಾರ್ರೇ’ ಎಂದು ಗಿರಾಕಿ ಕೈಮುಗಿದಿದ್ದರಿಂದ ಇವರು ಸುಮ್ಮನಿದ್ದರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಂತೆ, ಚೆಕ್ಕು ಮರಳಿದ ಮಾಹಿತಿ ದೊರೆತ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಸಲ್ಲಿಸಬೇಕು. ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೋರಬಹುದು. ನೋಟೀಸು ತಡವಾದರೆ ಆ ಅವಕಾಶವಿಲ್ಲ. ಊರ್ಜಿತದಲ್ಲಿರುವ ಚೆಕ್ಕನ್ನು ಪುನಃ ಬ್ಯಾಂಕಿಗೆ ಹಾಕಿ, ಮತ್ತೆ ಅಮಾನ್ಯವಾದಾಗ ಹೊಸದಾಗಿ ನೋಟೀಸು ಕೊಡಬಹುದೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದರೆ ಅದೇ ವರ್ಷದ ಏಪ್ರಿಲ್‌ನಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಇವರ ಚೆಕ್ಕಿಗೆ ಅದೂ ತೀರಿತ್ತು. ಉಳಿದದ್ದು ಸಿವಿಲ್ ದಾವೆಯೊಂದೇ.

‘ಸಾಲ ನಿಜವಲ್ಲವೇ? ನ್ಯಾಯಾಧೀಶರಿಗೆ ಅದು ಕಾಣುವುದಿಲ್ಲವೇ?’ ಎಂದು ಅವರು ನೊಂದು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಆದರೆ ದಾವೆ ಅವಧಿ ಮೀರಿ ಬಂದಿದ್ದರೆ, ಪ್ರತಿವಾದಿ ಆಕ್ಷೇಪಿಸದಿದ್ದರೂ ಅದನ್ನು ವಜಾಗೊಳಿಸಬೇಕೆಂದು 1963ರ ಲಿಮಿಟೇಷನ್ ಕಾಯ್ದೆ ನ್ಯಾಯಾಲಯಕ್ಕೇ ವಿಧಿಸಿದೆ. ಮಾರಿದ ಸರಕಿನ ಹಣಕ್ಕೆ ಆ ಅವಧಿ ಮೂರು ವರ್ಷ. ಅದು ಮುಗಿಯುವ ಮುನ್ನ ಸಾಲಗಾರ ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ, ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷಗಳು ದೊರೆಯುತ್ತವೆ. ಬಾಯಿಮಾತಿನ ಒಪ್ಪಿಗೆಗೆ ಈ ಬಲವಿಲ್ಲ. ಕಂಪನಿಯ ಆಸ್ತಿ-ಹೊಣೆ ಪಟ್ಟಿಯಲ್ಲಿನ ನಮೂದು ಕೂಡ, ಸಂದರ್ಭಾನುಸಾರ, ಇಂಥ ಒಪ್ಪಿಗೆಯಾಗಬಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ.

ಲೆಕ್ಕಪರಿಶೋಧಕರು ಪ್ರತಿ ಮಾರ್ಚ್‌ನಲ್ಲಿ ಕೇಳುವ ಬಾಕಿ ದೃಢೀಕರಣ ಪತ್ರದ ಬೆಲೆ ಇಲ್ಲಿದೆ. ಇದೇ ವರ್ತಕರ ಮತ್ತೊಂದು ಖಾತೆಯ ಬಾಕಿ ಮೂರು ವರ್ಷ ದಾಟಿತ್ತು, ಪತ್ರವಿರಲಿಲ್ಲ. ನಾನು ಕೇಳಿದಾಗಲೆಲ್ಲ ‘ಸಹಿ ಕೇಳಿದರೆ ಸಂಬಂಧ ಕೆಡುತ್ತದೆ’ ಎನ್ನುತ್ತಿದ್ದರು. ನಾನೂ ವರದಿಯಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡೆ. ಆ ಕಾಗದ ಅವರ ಹಣವನ್ನೇ ಕಾಯುವಂಥದ್ದೆಂದು ಕೂರಿಸಿ ವಿವರಿಸಲಿಲ್ಲ. ಅದು ನನ್ನ ಲೋಪ.

ಪ್ರತಿವಾದಿಯಾದಾಗಲೂ ದಿನಗಳನ್ನು ಎಣಿಸಲೇಬೇಕು. 2018ರ ತಿದ್ದುಪಡಿಯ ನಂತರ ಮೂರು ಲಕ್ಷ ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ಸಮನ್ಸ್ ತಲುಪಿದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ. ಸಮನ್ಸನ್ನು ಗಲ್ಲಾಪೆಟ್ಟಿಗೆಯ ಅಡಿಗೆ ತುರುಕುವ ಅಭ್ಯಾಸವುಳ್ಳವರು ಇದನ್ನು ಗಮನಿಸಬೇಕು. ದಾವೆ ಹೂಡುವವರೂ, ತುರ್ತು ಮಧ್ಯಂತರ ಪರಿಹಾರ ಬೇಡದಿದ್ದ ಪಕ್ಷದಲ್ಲಿ, ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯವೆಂದು 2022ರಲ್ಲಿ ತೀರ್ಪಾಗಿದೆ. ಹಳೆಯ ಗಿರಾಕಿಯನ್ನು ಕಳೆದುಕೊಳ್ಳಲು ಇಚ್ಛಿಸದ ವರ್ತಕನಿಗೆ ಇದು ಅನುಕೂಲವೆಂದೇ ನನ್ನ ಅಭಿಪ್ರಾಯ.

ಇವೆಲ್ಲ ವಕೀಲರ ಕೆಲಸವಲ್ಲವೇ ಎನ್ನಬಹುದು. ವಾದಿಸುವುದು ಅವರ ಕೆಲಸ, ನಿಜ. ಆದರೆ ಮೆಮೊ ಬಂದ ದಿನ ಅದನ್ನು ಕೈಯಲ್ಲಿ ಹಿಡಿದಿರುವವರು ನಾವು. ನಮ್ಮ ಸಂಸ್ಥೆಯು ಪ್ರತಿ ಏಪ್ರಿಲ್‌ನಲ್ಲಿ ವಕೀಲರೊಬ್ಬರನ್ನು ಕರೆಸಿ, ಸದಸ್ಯರಿಗೂ ಅವರ ಗುಮಾಸ್ತರಿಗೂ ಅರ್ಧ ದಿನದ ತರಗತಿ ಏರ್ಪಡಿಸಲಿ. ಮರುದಿನ ಎಲ್ಲರೂ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕುಳಿತು ಬರಲಿ. ಸಾಮಾನ್ಯವಾಗಿ ಕಲಾಪ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಮೊದಲ ತರಗತಿಯಲ್ಲಿ ದೃಢೀಕರಣ ಪತ್ರದ ಮಾದರಿಯನ್ನು ನಾನೇ ಹಂಚಲು ಸಿದ್ಧನಿದ್ದೇನೆ.